ಉಪ್ಪುನೀರೂ ಹೈಡ್ರಾಲಿಕ್ ಬ್ರೇಕೂ

(ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ)

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಬ್ರೇಕಿನ ವಿಷಯವಾಗಿ ಲೇಖನ ಬರೆಯಹೊರಟನೆಂದರೆ ಕೆಲವು ಮಿತ್ರರು ನಗಬಹುದು. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ, ಇವು ನನ್ನ ವ್ಯಾಸಂಗದ ವಿಷಯಗಳೇ ಹೊರತು ಯಂತ್ರಶಾಸ್ತ್ರವಲ್ಲ. ಆದರೆ ನಮ್ಮ ಮನೆಯ ಒಲೆ ಉರಿಯುವುದೂ, ನನ್ನ ಕಾಲೇಜಿನ ಶುಲ್ಕ ಸಲ್ಲುವುದೂ ನಾಲ್ಕು ಚಕ್ರದ ಒಂದು ಸಣ್ಣ ಮೀನಿನ ಟೆಂಪೊದಿಂದ. ತಂದೆಯವರು ಮಲ್ಪೆ ಬಂದರಿನಲ್ಲಿ ಮೀನು ತುಂಬಿಕೊಂಡು, ಹೆಬ್ರಿ, ಸೋಮೇಶ್ವರಗಳನ್ನು ದಾಟಿ, ಆಗುಂಬೆ ಘಾಟಿಯನ್ನು ಹತ್ತಿ ತೀರ್ಥಹಳ್ಳಿಗೆ ಒಯ್ಯುತ್ತಾರೆ; ಬರುವಾಗ ಖಾಲಿ ಬಾಕ್ಸುಗಳೊಡನೆ ಅದೇ ಘಾಟಿಯ 14 ತಿರುವುಗಳನ್ನು ಇಳಿಯುತ್ತಾರೆ. ಹತ್ತುವಾಗ ಎಂಜಿನ್ನಿಗೆ ಪರೀಕ್ಷೆ, ಇಳಿಯುವಾಗ ಬ್ರೇಕಿಗೆ ಪರೀಕ್ಷೆ. ಈ ಎರಡನೆಯ ಪರೀಕ್ಷೆಯಲ್ಲಿ ನಾವು ಒಮ್ಮೆ ಅನುತ್ತೀರ್ಣರಾಗುವುದರಲ್ಲಿದ್ದೆವು. ಅದಕ್ಕೆ ಕಾರಣನಾದವನು ನಾನೇ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಹೈಡ್ರಾಲಿಕ್ ಬ್ರೇಕು ಹೇಗೆ ಕೆಲಸ ಮಾಡುತ್ತದೆ, ಉಪ್ಪುನೀರಿನ ಸಹವಾಸದಿಂದ ಅದು ಹೇಗೆ ಕೆಡುತ್ತದೆ, ಕೆಡುವುದಕ್ಕೆ ಮೊದಲು ಯಾವ ಸೂಚನೆಗಳನ್ನು ಕೊಡುತ್ತದೆ, ಅದನ್ನು ಕಾಪಾಡಿಕೊಳ್ಳುವ ಬಗೆ ಯಾವುದು ಎಂಬುದನ್ನು ನಾನು ತಿಳಿದಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ. ನಮ್ಮ ಸಹಪಾಠಿಗಳಲ್ಲಿ ಅನೇಕರ ಮನೆಗಳಲ್ಲಿ ರಿಕ್ಷಾ, ಟೆಂಪೊ, ಜೀಪುಗಳಿವೆ. ಅವರಿಗೆ ಇದರಿಂದ ಪ್ರಯೋಜನವಾದೀತೆಂದು ನಂಬಿದ್ದೇನೆ.

1. ಮೂಲ ತತ್ತ್ವ

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದರೆ, ಆ ಒತ್ತಡವು ಸ್ವಲ್ಪವೂ ಕುಂದದೆ ದ್ರವದ ಎಲ್ಲ ಭಾಗಗಳಿಗೂ ಹರಡುತ್ತದೆ. ಇದನ್ನು ಕಂಡುಹಿಡಿದವನು 17ನೆಯ ಶತಮಾನದ ಫ್ರೆಂಚ್ ವಿದ್ವಾಂಸ ಬ್ಲೇಸ್ ಪಾಸ್ಕಲ್. ಈ ವಿಷಯವಾದ ಅವನ ಗ್ರಂಥವು ಅವನು ತೀರಿಕೊಂಡ ಮರುವರ್ಷ, 1663ರಲ್ಲಿ ಪ್ರಕಟವಾಯಿತು. ಮೋಟಾರು ವಾಹನದ ಬ್ರೇಕಿಗೆ ಈ ತತ್ತ್ವವನ್ನು ಅಳವಡಿಸಿದವರಲ್ಲಿ ಅಮೆರಿಕದ ಮಾಲ್ಕಂ ಲಾಕ್‌ಹೀಡ್ ಪ್ರಮುಖನು. ಅದೇ ಹೆಸರಿನ ವಿಮಾನ ಸಂಸ್ಥೆಯನ್ನು ಕಟ್ಟಿದ ಸೋದರರಲ್ಲಿ ಇವನೊಬ್ಬ. 1921ರಲ್ಲಿ ಮಾರುಕಟ್ಟೆಗೆ ಬಂದ ಡ್ಯೂಸನ್‌ಬರ್ಗ್ ಕಾರಿನ ನಾಲ್ಕು ಚಕ್ರಗಳಿಗೂ ಹೈಡ್ರಾಲಿಕ್ ಬ್ರೇಕು ಇತ್ತು.

ಒಂದು ಲೆಕ್ಕದಿಂದ ಇದು ಸ್ಪಷ್ಟವಾದೀತು. ಚಾಲಕನು ಪೆಡಲನ್ನು 20 ಕಿಲೋಗ್ರಾಂ ಭಾರದಷ್ಟು ತುಳಿದನೆನ್ನೋಣ. ಪೆಡಲಿನ ಸನ್ನೆಯಿಂದ ಅದು ಐದು ಪಾಲು ಹೆಚ್ಚಿ 100 ಕಿಲೋಗ್ರಾಂ ಆಗುತ್ತದೆ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ನಿನ ವಿಸ್ತೀರ್ಣ 4 ಚದರ ಸೆಂಟಿಮೀಟರ್ ಆಗಿದ್ದರೆ ದ್ರವದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 25 ಕಿಲೋಗ್ರಾಂ ಒತ್ತಡ ಉಂಟಾಗುತ್ತದೆ. ಚಕ್ರದ ಬಳಿಯಿರುವ ಪಿಸ್ಟನ್ನಿನ ವಿಸ್ತೀರ್ಣ 20 ಚದರ ಸೆಂಟಿಮೀಟರ್ ಆಗಿದ್ದರೆ ಅಲ್ಲಿ 500 ಕಿಲೋಗ್ರಾಂ ಬಲ ದೊರೆಯುತ್ತದೆ.

ಆದರೆ ಪ್ರಕೃತಿಯು ಏನನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ. ಬಲವು ಹೆಚ್ಚಿದಷ್ಟೂ ಚಲನೆ ಕಡಮೆಯಾಗುತ್ತದೆ. ಪೆಡಲು ಒಂದು ಗೇಣು ಇಳಿದರೆ ಚಕ್ರದ ಪಿಸ್ಟನ್ನು ಸರಿಯುವುದು ಕೂದಲೆಳೆಯಷ್ಟು. ಆದುದರಿಂದ ದ್ರವದ ನಡುವೆ ಒಂದಿಷ್ಟು ಗಾಳಿ ಸೇರಿದರೂ ಸಾಕು, ನಾವು ತುಳಿದದ್ದೆಲ್ಲ ಆ ಗಾಳಿಯನ್ನು ಕುಗ್ಗಿಸುವುದರಲ್ಲೇ ವ್ಯಯವಾಗಿ ಚಕ್ರಕ್ಕೆ ಏನೂ ಮುಟ್ಟುವುದಿಲ್ಲ. ದ್ರವವು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

2. ಅಂಗಗಳು

ಪೆಡಲಿನ ಮುಂದುಗಡೆ ಮಾಸ್ಟರ್ ಸಿಲಿಂಡರ್, ಅದರ ಮೇಲೆ ಬ್ರೇಕ್ ಆಯಿಲಿನ ಚಿಕ್ಕ ಡಬ್ಬಿ. ಅಲ್ಲಿಂದ ಚಕ್ರಗಳ ಕಡೆಗೆ ಉಕ್ಕಿನ ಸಣ್ಣ ಕೊಳವೆಗಳು. ಚಕ್ರವು ಅಲುಗಾಡುವ ಕಡೆಗಳಲ್ಲಿ ರಬ್ಬರ್ ಹೋಸುಗಳು. ನಮ್ಮ ಟೆಂಪೊವಿನ ಮುಂದಿನ ಚಕ್ರಗಳಲ್ಲಿ ಡಿಸ್ಕ್ ಇದೆ. ಅದನ್ನು ಎರಡು ಕಡೆಯಿಂದಲೂ ಪ್ಯಾಡುಗಳು ಇಕ್ಕಳದಂತೆ ಹಿಡಿಯುತ್ತವೆ. ಹಿಂದಿನ ಚಕ್ರಗಳಲ್ಲಿ ಡ್ರಮ್ ಇದೆ. ಅದರೊಳಗೆ ವೀಲ್ ಸಿಲಿಂಡರು ಎರಡು ಶೂಗಳನ್ನು ಹೊರಕ್ಕೆ ಒತ್ತಿ ಡ್ರಮ್ಮಿಗೆ ತಾಗಿಸುತ್ತದೆ. ಸಿಲಿಂಡರುಗಳೊಳಗೆ ಆಯಿಲು ಹೊರಬಾರದಂತೆ ತಡೆಯುವವು ರಬ್ಬರಿನ ಪುಟ್ಟ ಕಪ್ಪುಗಳು. ಇಷ್ಟೆಲ್ಲ ಕಬ್ಬಿಣದ ವ್ಯವಹಾರವು ಕೊನೆಗೆ ನಿಂತಿರುವುದು ಬೆರಳ ತುದಿಯಷ್ಟು ರಬ್ಬರಿನ ಮೇಲೆ.

ಈಗಿನ ವಾಹನಗಳಲ್ಲಿ ಮಾಸ್ಟರ್ ಸಿಲಿಂಡರು ಎರಡು ಕೋಣೆಗಳದ್ದಾಗಿರುತ್ತದೆ. ಒಂದು ಸಾಲು ಸೋರಿ ಬರಿದಾದರೂ ಇನ್ನೊಂದು ಸಾಲಿನ ಚಕ್ರಗಳು ಹಿಡಿಯುತ್ತವೆ. ಪೆಡಲು ಮಾತ್ರ ಬಹಳ ಕೆಳಗೆ ಹೋಗುತ್ತದೆ. ನಿಲ್ಲುವ ದೂರವೂ ಹೆಚ್ಚುತ್ತದೆ.

3. ನೀರಿನ ಮೂರು ಬಾಧೆಗಳು

ಕರಾವಳಿಯಲ್ಲಿ ಬ್ರೇಕಿನ ಪರಮ ಶತ್ರು ನೀರು. ಅದು ಮೂರು ದಾರಿಗಳಿಂದ ಬರುತ್ತದೆ.

ಮೊದಲನೆಯದು ಹೊರಗಿನ ಉಪ್ಪುನೀರು. ಮೀನಿನ ಬಾಕ್ಸುಗಳ ಐಸು ಕರಗಿದ ನೀರು, ಮೀನಿನ ಉಪ್ಪನ್ನೂ ಸೇರಿಸಿಕೊಂಡು, ಟೆಂಪೊವಿನ ಹಿಂಬದಿಯಿಂದ ತೊಟ್ಟಿಕ್ಕುತ್ತದೆ. ಅದು ಬೀಳುವುದು ಹಿಂದಿನ ಆಕ್ಸಲಿನ ಮೇಲೂ ಡ್ರಮ್ಮುಗಳ ಮೇಲೂ. ಸಿಹಿನೀರಿಗಿಂತ ಉಪ್ಪುನೀರಿನಲ್ಲಿ ಕಬ್ಬಿಣಕ್ಕೆ ತುಕ್ಕು ಬಹಳ ಬೇಗ ಹಿಡಿಯುತ್ತದೆ. ಕೊಳವೆಯನ್ನು ಕ್ಲಿಪ್ಪು ಹಿಡಿದಿರುವ ಜಾಗದಲ್ಲಿ ಒದ್ದೆಯೂ ಮಣ್ಣೂ ಸೇರಿ, ಮೇಲಿನಿಂದ ಕಾಣದಂತೆ ಅದು ತೆಳುವಾಗುತ್ತದೆ.

ಎರಡನೆಯದು ಆಯಿಲಿನೊಳಗಿನ ತೇವ. ನಾವು ಬ್ರೇಕ್ ಆಯಿಲ್ ಎಂದು ಕರೆಯುವುದು ನಿಜವಾಗಿ ಎಣ್ಣೆಯಲ್ಲ. ಡಾಟ್ 3, ಡಾಟ್ 4 ಎಂಬ ಸಾಮಾನ್ಯ ಬಗೆಗಳು ಗ್ಲೈಕಾಲ್ ವರ್ಗದ ರಾಸಾಯನಿಕ ದ್ರವಗಳು. ಮುಚ್ಚಳ ತೆರೆದಿಟ್ಟ ಉಪ್ಪು ಮಳೆಗಾಲದಲ್ಲಿ ನೀರೊಡೆಯುವಂತೆ, ಇವೂ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತವೆ. ಹಾಗೆ ಹೀರಿದ ತೇವವು ಸಿಲಿಂಡರನ್ನು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ.

ಮೂರನೆಯದು ಕಾವು. 1500 ಕಿಲೋಗ್ರಾಂ ತೂಕದ ಗಾಡಿಯೊಂದು 500 ಮೀಟರ್ ಎತ್ತರದಿಂದ ಬ್ರೇಕಿನ ಬಲದಿಂದಲೇ ಇಳಿಯಿತೆನ್ನೋಣ. ಆಗ ಹುಟ್ಟುವ ಶಾಖವು 20 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಈ ಶಾಖವೆಲ್ಲ ಚಕ್ರಗಳ ಬಳಿಯೇ ಹುಟ್ಟುತ್ತದೆ. ಹೊಸ ಡಾಟ್ 3 ದ್ರವವು ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯಬಾರದು, ತೇವ ಹೀರಿದಾಗ 140 ಡಿಗ್ರಿಯವರೆಗಾದರೂ ತಾಳಬೇಕು ಎಂಬುದು ನಿಯಮ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಅಂದರೆ ಹಳೆಯ ಆಯಿಲು ಬಹಳ ಬೇಗ ಕುದಿಯುತ್ತದೆ. ಕುದಿದರೆ ಆವಿಯ ಗುಳ್ಳೆ. ಆವಿಯು ಗಾಳಿಯಂತೆಯೇ ಕುಗ್ಗುತ್ತದೆ. ಪೆಡಲು ತಳ ಮುಟ್ಟುತ್ತದೆ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಬರಬೇಕೆಂದು ಹಿರಿಯ ಚಾಲಕರು ಹೇಳುವುದು ಇದಕ್ಕಾಗಿಯೇ. ಆಗ ಭಾರದ ಒಂದು ಪಾಲನ್ನು ಎಂಜಿನ್ನು ಹೊರುತ್ತದೆ.

4. ನೀರಿಗಿಳಿಯುವ ಬ್ರೇಕು

ಈ ಮೂರು ಬಾಧೆಗಳನ್ನೂ ಒಟ್ಟಿಗೆ ಅನುಭವಿಸುವ ಒಂದು ವಾಹನವಿದೆ. ಅದು ಅಮೆರಿಕ ಮೊದಲಾದ ದೇಶಗಳಲ್ಲಿ ಬಳಕೆಯಲ್ಲಿರುವ ದೋಣಿಯ ಟ್ರೇಲರು. ಅಲ್ಲಿ ಹವ್ಯಾಸಕ್ಕಾಗಿ ದೋಣಿಯಿಟ್ಟುಕೊಂಡವರು ಅದನ್ನು ಮನೆಯಂಗಳದಲ್ಲಿ ನಿಲ್ಲಿಸಿ, ಬೇಕಾದಾಗ ಕಾರಿನ ಹಿಂದೆ ಟ್ರೇಲರಿನ ಮೇಲೆ ಎಳೆದೊಯ್ದು, ದಡದ ಇಳಿಜಾರಿನಲ್ಲಿ ಟ್ರೇಲರನ್ನೇ ಹಿಮ್ಮುಖವಾಗಿ ನೀರಿಗಿಳಿಸಿ ದೋಣಿಯನ್ನು ತೇಲಿಬಿಡುತ್ತಾರೆ. ಮೈಲುಗಟ್ಟಲೆ ಓಡಿ ಕಾದ ಡ್ರಮ್ಮುಗಳು ಒಮ್ಮೆಲೇ ತಣ್ಣನೆಯ ಉಪ್ಪುನೀರಿನಲ್ಲಿ ಮುಳುಗುತ್ತವೆ. ಕಾದ ಹಬ್ಬಿನೊಳಗಿನ ಗಾಳಿ ತಣಿದು ಕುಗ್ಗುವಾಗ ಹೊರಗಿನ ನೀರನ್ನು ಬೇರಿಂಗಿನೊಳಕ್ಕೆ ಎಳೆದುಕೊಳ್ಳುತ್ತದೆ.

ಈ ಟ್ರೇಲರಿನ ಬ್ರೇಕು ವಿಚಿತ್ರವಾದುದು, ಏಕೆಂದರೆ ಅದಕ್ಕೆ ಪೆಡಲೇ ಇಲ್ಲ. ಮಾಸ್ಟರ್ ಸಿಲಿಂಡರನ್ನು ಕಾರಿಗೆ ಸಿಕ್ಕಿಸುವ ಕೊಂಡಿಯೊಳಗೇ ಇಟ್ಟಿರುತ್ತಾರೆ. ಕಾರು ವೇಗವನ್ನು ತಗ್ಗಿಸಿದಾಗ ಹಿಂದಿನ ಟ್ರೇಲರು ತನ್ನ ಭಾರದಿಂದ ಮುಂದಕ್ಕೆ ನೂಕುತ್ತದೆ. ಆ ನೂಕು ಕೊಂಡಿಯ ಜಾರುವ ಭಾಗವನ್ನು ಒತ್ತಿ ಆಯಿಲಿಗೆ ಒತ್ತಡ ಕೊಡುತ್ತದೆ. ಇಳಿಜಾರಿನಲ್ಲಿ ನಮ್ಮ ಎತ್ತಿನ ಗಾಡಿಯ ನೊಗವು ಎತ್ತಿನ ಹೆಗಲನ್ನು ಒತ್ತುವುದನ್ನು ನೆನೆದರೆ ಇದು ಅರ್ಥವಾದೀತು. ಇದರಲ್ಲಿ ಒಂದು ತೊಡಕೂ ಇದೆ. ಗಾಡಿಯನ್ನು ಹಿಂದಕ್ಕೆ ನಡೆಸುವಾಗಲೂ ಕೊಂಡಿ ಒತ್ತಲ್ಪಟ್ಟು ಬ್ರೇಕು ಹಿಡಿಯುತ್ತದೆ. ಅದನ್ನು ತಪ್ಪಿಸಲು ಹಿಂದಕ್ಕೆ ತಿರುಗುವಾಗ ಹಿಡಿಯದಂತಹ ಶೂಗಳನ್ನಾಗಲಿ, ಹಿಮ್ಮುಖ ದೀಪದ ವಿದ್ಯುತ್ತಿನಿಂದ ಆಯಿಲಿನ ದಾರಿಯನ್ನು ಮುಚ್ಚುವ ವಾಲ್ವನ್ನಾಗಲಿ ಇಟ್ಟಿರುತ್ತಾರೆ. ಆ ವಾಲ್ವಿನ ತಂತಿ ಉಪ್ಪುನೀರಿನಿಂದ ಕೆಟ್ಟರೆ ಟ್ರೇಲರು ಹಿಂದಕ್ಕೆ ಹೋಗಲೊಲ್ಲದು. ಕೊಂಡಿಯ ಜಾರುವ ಭಾಗ ತುಕ್ಕು ಹಿಡಿದು ಬಿಗಿದರೆ ಬ್ರೇಕು ಹಿಡಿಯಲೊಲ್ಲದು, ಇಲ್ಲವೆ ಹಿಡಿದದ್ದು ಬಿಡಲೊಲ್ಲದು.

ಇಂತಹ ಬ್ರೇಕನ್ನು ಕಾಪಾಡುವ ಕ್ರಮವು ಸರಳವಾಗಿದೆ. ನೀರಿಗಿಳಿಸುವ ಮೊದಲು ಚಕ್ರಗಳನ್ನು ತಣಿಯಲು ಬಿಡಬೇಕು. ಮೇಲೆ ತಂದ ದಿನವೇ ಡ್ರಮ್ಮಿನ ಒಳಭಾಗವನ್ನು ಸಿಹಿನೀರಿನಿಂದ ತೊಳೆಯಬೇಕು. ತೊಳೆದ ಮೇಲೆ ಸ್ವಲ್ಪ ದೂರ ಓಡಿಸಿ, ಬ್ರೇಕು ಹಿಡಿದು ಬಿಟ್ಟು ಒಣಗಿಸಬೇಕು. ಬೇರಿಂಗಿನ ಗ್ರೀಸನ್ನು ಕಾಲಕಾಲಕ್ಕೆ ಬದಲಿಸಬೇಕು. ಉಪ್ಪುನೀರಿನಲ್ಲಿ ಹೆಚ್ಚು ಬಳಸುವವರು ತುಕ್ಕು ಹಿಡಿಯದ ಉಕ್ಕಿನ ಡಿಸ್ಕುಗಳನ್ನು ಹಾಕಿಸುತ್ತಾರೆ. ಇದನ್ನು ಓದಿದಾಗ ನಮ್ಮ ಮೀನಿನ ಟೆಂಪೊ ಆ ಟ್ರೇಲರಿನ ಬಡ ಸೋದರನೆಂದು ನನಗೆ ಅನಿಸಿತು. ಅದು ಸಮುದ್ರಕ್ಕೆ ಇಳಿಯುತ್ತದೆ; ನಮ್ಮದು ಸಮುದ್ರವನ್ನು ಬೆನ್ನ ಮೇಲೆ ಹೊತ್ತು ಘಾಟಿ ಹತ್ತುತ್ತದೆ.

ಇನ್ನೊಂದು ಹೋಲಿಕೆಯೂ ಉಂಟು. ಚಳಿಗಾಲದಲ್ಲಿ ಆ ಟ್ರೇಲರುಗಳು ತಿಂಗಳುಗಟ್ಟಲೆ ನಿಂತಲ್ಲೇ ನಿಲ್ಲುತ್ತವೆ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಅನೇಕ ಟೆಂಪೊಗಳು ಮಳೆಯಲ್ಲಿ ಸುಮ್ಮನೆ ನಿಲ್ಲುತ್ತವೆ. ಓಡುವ ಬ್ರೇಕಿಗಿಂತ ನಿಂತ ಬ್ರೇಕೇ ಬೇಗ ಅಂಟಿಕೊಳ್ಳುತ್ತದೆ. ಆ ಕಾಲದಲ್ಲಿ ಹ್ಯಾಂಡ್ ಬ್ರೇಕನ್ನು ಎಳೆದಿಡದೆ, ಸಮನೆಲದಲ್ಲಿ ನಿಲ್ಲಿಸಿ ಚಕ್ರಗಳಿಗೆ ಕಲ್ಲು ಕೊಟ್ಟಿಡುವುದು ಲೇಸು.

5. ಪೆಡಲು ಹೇಳುವ ಮಾತು

ಬ್ರೇಕು ಹೇಳದೆ ಕೇಳದೆ ಕೈಕೊಟ್ಟಿತೆಂದು ಜನರು ಹೇಳುವುದುಂಟು. ಬಹುಮಟ್ಟಿಗೆ ಅದು ಮೊದಲೇ ಹೇಳಿರುತ್ತದೆ, ನಾವು ಕೇಳಿರುವುದಿಲ್ಲ. ಮುಖ್ಯವಾದ ಸೂಚನೆಗಳು ಇವು:

(ಅ) ಪೆಡಲು ಸ್ಪಂಜಿನಂತೆ ಮೆತ್ತಗಿದ್ದರೆ ಆಯಿಲಿನಲ್ಲಿ ಗಾಳಿ ಸೇರಿದೆ ಎಂದರ್ಥ.

(ಆ) ಮೊದಲ ತುಳಿತಕ್ಕೆ ಬಹಳ ಕೆಳಗೆ ಹೋಗಿ, ಎರಡು ಮೂರು ಸಲ ತುಳಿದಾಗ ಮೇಲೆ ನಿಂತು ಗಟ್ಟಿಯಾದರೆ, ಹೆಚ್ಚಾಗಿ ಶೂ ಸವೆದು ಡ್ರಮ್ಮಿಗೂ ಅದಕ್ಕೂ ನಡುವಿನ ಅಂತರ ಹೆಚ್ಚಿರುತ್ತದೆ. ಅದನ್ನು ಅಡ್ಜಸ್ಟ್ ಮಾಡಬೇಕು.

(ಇ) ಒತ್ತಿ ಹಿಡಿದಿರುವಾಗಲೇ ಪೆಡಲು ಮೆಲ್ಲಗೆ ಇಳಿಯುತ್ತ ಹೋಗಿ, ಡಬ್ಬಿಯಲ್ಲಿ ಆಯಿಲು ಕಡಮೆಯಾಗದಿದ್ದರೆ, ಮಾಸ್ಟರ್ ಸಿಲಿಂಡರಿನ ಒಳಗಿನ ಕಪ್ಪು ಕೆಟ್ಟಿದೆ. ಆಯಿಲೂ ಕಡಮೆಯಾಗುತ್ತಿದ್ದರೆ ಎಲ್ಲಿಯೋ ಹೊರಕ್ಕೆ ಸೋರುತ್ತಿದೆ.

(ಈ) ಬ್ರೇಕು ಹಿಡಿದಾಗ ಗಾಡಿ ಒಂದು ಬದಿಗೆ ಎಳೆದರೆ, ಒಂದು ಚಕ್ರದ ಪಿಸ್ಟನ್ನು ಬಿಗಿದಿರಬೇಕು, ಇಲ್ಲವೆ ಒಂದು ಕಡೆಯ ಶೂ ಅಥವಾ ಪ್ಯಾಡಿಗೆ ಆಯಿಲೋ ಗ್ರೀಸೋ ತಾಗಿರಬೇಕು. ಟಯರಿನ ಗಾಳಿಯನ್ನೂ ನೋಡಬೇಕು.

(ಉ) ಒಂದು ಚಕ್ರ ಮಾತ್ರ ಮುಟ್ಟಲಾರದಷ್ಟು ಕಾದಿದ್ದರೆ ಅಲ್ಲಿ ಬ್ರೇಕು ಬಿಡುತ್ತಿಲ್ಲ. ತುಕ್ಕು ಹಿಡಿದ ಪಿಸ್ಟನ್ನು, ಒಳಗೆ ಉಬ್ಬಿದ ರಬ್ಬರ್ ಹೋಸು, ಅಂಟಿಕೊಂಡ ಹ್ಯಾಂಡ್ ಬ್ರೇಕ್ ಕೇಬಲು, ಇವುಗಳಲ್ಲಿ ಒಂದು ಕಾರಣವಾಗಿರಬಹುದು.

(ಊ) ಇಳಿಜಾರಿನಲ್ಲಿ ಮೆತ್ತಗಾಗಿ, ತಣಿದ ಮೇಲೆ ಸರಿಯಾದರೆ ಆಯಿಲು ಕುದಿದಿದೆ. ಸರಿಯಾಯಿತೆಂದು ಸುಮ್ಮನಿರದೆ ಆಯಿಲನ್ನು ಪೂರ್ತಿ ಬದಲಿಸಬೇಕು.

6. ನನ್ನ ತಪ್ಪು

ನಾನು ದ್ವಿತೀಯ ಪಿ.ಯು.ಸಿ.ಯಲ್ಲಿದ್ದಾಗ, ಟೆಂಪೊವನ್ನು ತೊಳೆದು ನೀರು, ಆಯಿಲುಗಳನ್ನು ನೋಡುವ ಕೆಲಸ ಭಾನುವಾರಗಳಂದು ನನ್ನದಾಗಿತ್ತು. ಬ್ರೇಕ್ ಆಯಿಲು ಗುರುತಿಗಿಂತ ಕೆಳಗಿದ್ದರೆ ಡಬ್ಬಿಯಿಂದ ಸ್ವಲ್ಪ ಸುರಿದು ಮೇಲಕ್ಕೆ ತರುತ್ತಿದ್ದೆ. ಮುಂದಿನ ವಾರ ಮತ್ತೆ ಕೆಳಗಿರುತ್ತಿತ್ತು, ಮತ್ತೆ ಸುರಿಯುತ್ತಿದ್ದೆ. ಎರಡು ತಿಂಗಳು ಹೀಗೆ ನಡೆಯಿತು. ಪರೀಕ್ಷೆ ಹತ್ತಿರ ಬರುತ್ತಿತ್ತು. ಕೆಲಸ ಬೇಗ ಮುಗಿದರೆ ಸಾಕೆಂಬ ಮನಸ್ಸು. ತಂದೆಯವರಿಗೆ ನಾನು ಏನೂ ಹೇಳಲಿಲ್ಲ. ಹಿಂದಿನ ಎಡಚಕ್ರದ ಒಳಬದಿ ಯಾವಾಗಲೂ ಒದ್ದೆಯಾಗಿರುವುದನ್ನು ನಾನೂ ಕಂಡಿದ್ದೆ, ಅವರೂ ಕಂಡಿದ್ದರು. ಮೀನಿನ ನೀರು ಎಂದುಕೊಂಡೆವು. ಮೀನಿನ ಟೆಂಪೊವಿನಲ್ಲಿ ಒದ್ದೆಯಿಲ್ಲದ ಚಕ್ರ ಯಾವುದಿದೆ?

ಡಿಸೆಂಬರ್ ತಿಂಗಳ ಒಂದು ಭಾನುವಾರ ಅವರೊಡನೆ ನಾನೂ ಹೋಗಿದ್ದೆ. ಸಂಜೆ ಆಗುಂಬೆಯಿಂದ ಇಳಿಯುತ್ತಿರುವಾಗ ನಾಲ್ಕೈದು ತಿರುವುಗಳಾದ ಮೇಲೆ ತಂದೆಯವರ ಕಾಲು ಒಮ್ಮೆಲೇ ಕೆಳಕ್ಕೆ ಹೋದದ್ದು ಕಾಣಿಸಿತು. ಅವರು ಮಾತಾಡಲಿಲ್ಲ. ಪೆಡಲನ್ನು ಬೇಗಬೇಗನೆ ತುಳಿದರು, ಗೇರನ್ನು ಇಳಿಸಿದರು, ಬೆಟ್ಟದ ಬದಿಯ ಚರಂಡಿಗೆ ಎಡಚಕ್ರಗಳನ್ನು ಇಳಿಸಿ ದರೆಗೆ ಒರಸುತ್ತ ಗಾಡಿಯನ್ನು ನಿಲ್ಲಿಸಿದರು. ಮುಂದಿನ ಚಕ್ರಗಳ ಸಾಲು ಉಳಿದಿದ್ದುದರಿಂದ ಅಷ್ಟಾದರೂ ಸಾಧ್ಯವಾಯಿತು. ಗಾಡಿಯ ಒಂದು ಬದಿ ಸವರಿಹೋಯಿತು, ನಮಗೇನೂ ಆಗಲಿಲ್ಲ. ಬಲಬದಿಯಲ್ಲಿ ಏನಿತ್ತೆಂಬುದನ್ನು ಆ ದಾರಿಯಲ್ಲಿ ಹೋದವರು ಬಲ್ಲರು.

ಮರುದಿನ ಮೆಕ್ಯಾನಿಕರು ಡ್ರಮ್ಮು ಬಿಚ್ಚಿದಾಗ ವೀಲ್ ಸಿಲಿಂಡರಿನ ಒಳಗೆ ತುಕ್ಕಿನ ಗುಳಿಗಳಿದ್ದವು, ಕಪ್ಪು ಹರಿದಿತ್ತು, ಶೂ ಆಯಿಲಿನಲ್ಲಿ ನೆನೆದಿತ್ತು. ವಾರವಾರವೂ ಸುರಿಯುತ್ತಿದ್ದೆನೆಂದು ಆಗ ನಾನು ಒಪ್ಪಿಕೊಂಡೆ. ತಂದೆಯವರು ಗದರಲಿಲ್ಲ. "ಆಯಿಲ್ ಕಮ್ಮಿ ಆದ್ರೆ ಅದ್ ಎಲ್ಲಿಗ್ ಹೋಯ್ತ್ ಅಂದೇಳಿ ಕೇಂಬುದಲ್ದಾ ಮಗಾ?" ಎಂದರು, ಅಷ್ಟೆ.

ಮೆಕ್ಯಾನಿಕರು ನಮ್ಮ ಆಯಿಲಿನ ಡಬ್ಬಿಯನ್ನೂ ತರಿಸಿ ನೋಡಿದರು. ಅದನ್ನು ಒಡೆದು ವರ್ಷವಾಗಿತ್ತು. ಮುಚ್ಚಳ ಕಳೆದುಹೋಗಿ ಬಾಯಿಗೆ ಬಟ್ಟೆ ತುರುಕಿದ್ದೆವು. ಅದರ ಮೈಮೇಲೆ, ತೇವ ತಾಗದಂತೆ ಬಿಗಿಯಾಗಿ ಮುಚ್ಚಿಡಬೇಕು, ಸೀಲು ಒಡೆಯದ ಡಬ್ಬಿಯ ದ್ರವವನ್ನೇ ಬಳಸಬೇಕು ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ನಮ್ಮ ಮನೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ನಾನು ಓದಿರಲಿಲ್ಲ. ಓದು ಬಾರದ ತಂದೆಯವರು ಮಾಡಿದ್ದು ತಪ್ಪಲ್ಲ. ಓದು ಬಂದ ನಾನು ಮಾಡಿದ್ದೇ ತಪ್ಪು.

ಅಂದಿನಿಂದ ಒಂದು ಪರೀಕ್ಷೆಯನ್ನು ಕಲಿತಿದ್ದೇನೆ. ಒದ್ದೆಯನ್ನು ಕಂಡಲ್ಲಿ ಬೆರಳಿನಿಂದ ಮುಟ್ಟಿ ನೋಡುವುದು. ಮೀನಿನ ನೀರು ಒಣಗಿದರೆ ಬಿಳಿಯ ಉಪ್ಪಿನ ಕಲೆ ಉಳಿಯುತ್ತದೆ. ಬ್ರೇಕ್ ಆಯಿಲು ಬೇಗ ಒಣಗುವುದಿಲ್ಲ. ಜಾರುಜಾರಾಗಿ ಬೆರಳಿಗೆ ಅಂಟುತ್ತದೆ. ಬಿದ್ದ ಕಡೆ ಬಣ್ಣ ಎದ್ದುಬರುತ್ತದೆ. ಮುಟ್ಟಿದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆಯಬೇಕು.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಡಿಸ್ಕಿನ ಪ್ಯಾಡುಗಳು ಸವೆದಂತೆ ಆಯಿಲಿನ ಮಟ್ಟವು ತಿಂಗಳುಗಳಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಯುವುದು ಸಹಜ. ಆದರೆ ವಾರವಾರವೂ ಇಳಿದರೆ ಅದು ಸೋರಿಕೆಯೇ. ಆಯಿಲು ಸುರಿಯುವುದು ಅದಕ್ಕೆ ಚಿಕಿತ್ಸೆಯಲ್ಲ. ರೋಗವನ್ನು ಮುಚ್ಚಿಡುವ ಉಪಾಯ.

7. ಗಾಳಿ ತೆಗೆಯುವ ಕ್ರಮ

ಯಾವುದೇ ಭಾಗವನ್ನು ಬಿಚ್ಚಿ ಜೋಡಿಸಿದ ಮೇಲೆ ಒಳಗೆ ಸೇರಿದ ಗಾಳಿಯನ್ನು ತೆಗೆಯಬೇಕು. ಇದಕ್ಕೆ ಇಬ್ಬರು ಬೇಕು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಡಬ್ಬಿಯನ್ನು ಹೊಸ ಆಯಿಲಿನಿಂದ ತುಂಬಬೇಕು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸುತ್ತಾರೆ. ವಾಹನದ ಪುಸ್ತಕದಲ್ಲಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಬೇಕು. ಚಕ್ರದ ಹಿಂದಿರುವ ನಿಪ್ಪಲಿಗೆ ಪಾರದರ್ಶಕವಾದ ಸಣ್ಣ ಕೊಳವೆಯನ್ನು ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಆಯಿಲಿರುವ ಬಾಟಲಿಯಲ್ಲಿ ಮುಳುಗಿಸಬೇಕು. ಒಬ್ಬನು ಪೆಡಲನ್ನು ನಿಧಾನವಾಗಿ ಕೆಲವು ಸಲ ತುಳಿದು ಒತ್ತಿ ಹಿಡಿಯಬೇಕು. ಇನ್ನೊಬ್ಬನು ನಿಪ್ಪಲನ್ನು ಸಡಿಲಿಸಬೇಕು. ಗುಳ್ಳೆಗಳೊಡನೆ ಆಯಿಲು ಬರುತ್ತದೆ. ಪೆಡಲು ತಳ ಮುಟ್ಟಿದಾಗ ನಿಪ್ಪಲನ್ನು ಬಿಗಿದು, ಆಮೇಲೆಯೇ ಕಾಲನ್ನು ಎತ್ತಬೇಕು. ಮೊದಲೇ ಎತ್ತಿದರೆ ಗಾಳಿ ಮತ್ತೆ ಒಳಸೇರುತ್ತದೆ. ಗುಳ್ಳೆ ನಿಲ್ಲುವವರೆಗೆ ಹೀಗೆ ಮಾಡಬೇಕು. ಈ ನಡುವೆ ಡಬ್ಬಿ ಬರಿದಾಗಲು ಬಿಡಬಾರದು. ಹೊರಬಂದ ಆಯಿಲನ್ನು ಮರಳಿ ಬಳಸಬಾರದು.

ರಬ್ಬರ್ ಕಪ್ಪುಗಳಿಗೆ ಪೆಟ್ರೋಲು, ಡೀಸೆಲ್, ಎಂಜಿನ್ ಆಯಿಲುಗಳನ್ನು ತಾಗಿಸಲೇಬಾರದು. ಅವು ಉಬ್ಬಿ ಕೆಡುತ್ತವೆ. ಡ್ರಮ್ಮಿನ ಧೂಳನ್ನು ಬಾಯಿಂದ ಊದಬಾರದು. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವಿದೆ. ಅಭ್ಯಾಸವಿಲ್ಲದವರು ಬಿಚ್ಚುವ ಕೆಲಸವನ್ನು ಮೆಕ್ಯಾನಿಕರಿಗೇ ಬಿಡುವುದು ಒಳ್ಳೆಯದು. ನೋಡುವ ಕೆಲಸವನ್ನು ಮಾತ್ರ ಯಾರೂ ಮಾಡಬಹುದು.

8. ಮುಕ್ತಾಯ

ಈಗ ನಮ್ಮ ಮನೆಯಲ್ಲಿ ಒಂದು ನೋಟ್ ಪುಸ್ತಕವಿದೆ. ಭಾನುವಾರ ಭಾನುವಾರ ಅದರಲ್ಲಿ ತಾರೀಖು, ಆಯಿಲಿನ ಮಟ್ಟ, ಪೆಡಲಿನ ಸ್ಥಿತಿ, ನಾಲ್ಕು ಚಕ್ರಗಳ ಒಳಬದಿಯ ಒದ್ದೆ ಇವನ್ನು ಬರೆಯುತ್ತೇನೆ. ಬಂದರಿನಿಂದ ಬಂದ ರಾತ್ರಿಯೇ ಟೆಂಪೊವಿನ ಅಡಿಯನ್ನು ಬಾವಿಯ ನೀರಿನಿಂದ ತೊಳೆಯುತ್ತೇವೆ. ಎರಡು ವರ್ಷಕ್ಕೊಮ್ಮೆ ಆಯಿಲನ್ನು ಪೂರ್ತಿ ಬದಲಿಸುತ್ತೇವೆ. ನಿಷೇಧದ ತಿಂಗಳುಗಳು ಮುಗಿದ ಮೇಲೆ ಡ್ರಮ್ಮು ಬಿಚ್ಚಿಸಿ ನೋಡದೆ ಮೊದಲ ಲೋಡು ಹಾಕುವುದಿಲ್ಲ. ಬರೆದುದನ್ನು ತಂದೆಯವರಿಗೆ ಓದಿ ಹೇಳುತ್ತೇನೆ. ಅವರು ಕೇಳಿ, ಒಮ್ಮೊಮ್ಮೆ ಎದ್ದು ಹೋಗಿ ತಾವೂ ಮುಟ್ಟಿ ನೋಡುತ್ತಾರೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವನು ನಾನೇ ಮೊದಲಿಗ. ಪದವಿಯಿಂದ ಏನು ಪ್ರಯೋಜನವೆಂದು ಊರಿನಲ್ಲಿ ಕೇಳುವವರಿದ್ದಾರೆ. ನೌಕರಿ ಸಿಕ್ಕುವುದೋ ಇಲ್ಲವೋ ನಾನರಿಯೆ. ಕಡಮೆಯಾದದ್ದು ಎಲ್ಲಿಗೆ ಹೋಯಿತೆಂದು ಕೇಳುವುದನ್ನೂ, ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಬಿಡದೆ ಓದುವುದನ್ನೂ ಕಲಿತರೆ ಆ ಓದು ವ್ಯರ್ಥವಲ್ಲವೆಂದು ಮಾತ್ರ ಹೇಳಬಲ್ಲೆ. ಮನೆಯಲ್ಲಿ ವಾಹನವಿರುವ ಮಿತ್ರರು ಈ ವಾರ ಒಮ್ಮೆ ಬ್ರೇಕ್ ಆಯಿಲಿನ ಡಬ್ಬಿಯನ್ನೂ ಚಕ್ರಗಳ ಒಳಬದಿಯನ್ನೂ ನೋಡಬೇಕೆಂದು ಕೋರಿ ಈ ಲೇಖನವನ್ನು ಮುಗಿಸುತ್ತೇನೆ.